ಉಂಡ ಎಲೆ ಎತ್ತುವವರು ಯಾರು?

(ದಾದರಿನಲ್ಲಿ ಕೂಡಿದ ಹೋಟೆಲ್ ಮತ್ತು ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸು, ರಜೆ ಇವುಗಳ ಮಾತನ್ನು ಈ ಹೊತ್ತು ನಾವು ಎತ್ತುವುದಿಲ್ಲ. ಬೀಗ ಬಿದ್ದ ಕಾರ್ಖಾನೆಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನಿಂತಿದ್ದೇವೆ. ಬೀಗ ಬಿದ್ದ ಮೇಲೆ ಹೇಳುವುದೇನು ಉಳಿಯಿತು ಎಂದು ನೀವು ಕೇಳಬಹುದು. ಬಹಳ ಉಳಿದಿದೆ. ಕಾರ್ಖಾನೆ ಮುಚ್ಚಿದರೂ ಅದರ ವಿಷ ಮುಚ್ಚಿಹೋಗುವುದಿಲ್ಲ. ಅದು ಮಣ್ಣಿನಲ್ಲಿರುತ್ತದೆ, ಬಾವಿಯ ನೀರಿನಲ್ಲಿರುತ್ತದೆ, ಅಲ್ಲಿ ದುಡಿದವರ ಮೈಯಲ್ಲಿಯೂ ಇರುತ್ತದೆ.

ಹೋಟೆಲಿನಲ್ಲಿ ದುಡಿದವರಿಗೆ ಈ ಮಾತು ಬೇಗ ತಿಳಿಯುತ್ತದೆ. ಗಿರಾಕಿ ಉಂಡು, ಗಲ್ಲಾದಲ್ಲಿ ದುಡ್ಡು ಕೊಟ್ಟು ನಡೆಯುತ್ತಾನೆ. ಎಲೆ ಎತ್ತುವವನು, ಮೇಜು ಒರೆಸುವವನು, ರಾತ್ರಿ ಕಾವಲಿ ತಿಕ್ಕುವವನು ಬೇರೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಮುಂಬಯಿಗೆ ಬಂದ ನಮ್ಮಂಥವರು ಮೊದಲು ಕಲಿತದ್ದೇ ಆ ಕೆಲಸ. ಅದರಲ್ಲಿ ನಾಚಿಕೆಯೇನೂ ಇಲ್ಲ. ಆ ಎಲೆಯ ಮೇಲೆ ವಿಷವಿರುವುದಿಲ್ಲ. ಆದರೆ ಕಾರ್ಖಾನೆಯ ಮಾಲಿಕನು ವರ್ಷಗಟ್ಟಲೆ ಉಂಡು, ಎದ್ದು ಹೋದ ಮೇಲೆ ಉಳಿಯುವ ಎಲೆ ಬೇರೆ ತರಹದ್ದು. ಅದನ್ನು ಎತ್ತುವವರು ಯಾರು, ಯಾರ ಖರ್ಚಿನಲ್ಲಿ, ಯಾರ ಕೈಯಿಂದ? ಇದೇ ನಮ್ಮ ಇಂದಿನ ಪ್ರಶ್ನೆ.

ನಾವು ಕೂತಿರುವ ಈ ದಾದರನ್ನೇ ನೋಡಿ. 1982ರ ಜನವರಿ 18ರಂದು ಗಿರಣಿ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಆಮೇಲೆ ಗಿರಣಿಗಳು ಒಂದೊಂದಾಗಿ ನಿಂತವು. ಶಿವಾಜಿ ಪಾರ್ಕಿನ ಬಳಿಯ ಕೊಹಿನೂರು ಗಿರಣಿಯ ಜಾಗ 2005ರಲ್ಲಿ ಮಾರಾಟವಾಗಿ, ಅಲ್ಲೀಗ ತಲೆ ಎತ್ತಿ ನೋಡಬೇಕಾದಂಥ ಕಟ್ಟಡ ನಿಂತಿದೆ. ಚೈತ್ಯಭೂಮಿಯ ಪಕ್ಕದ ಇಂದು ಮಿಲ್ಲಿನ ಜಾಗದಲ್ಲಿ ಬಾಬಾಸಾಹೇಬ ಅಂಬೇಡಕರರ ಸ್ಮಾರಕಕ್ಕೆ 2015ರ ಅಕ್ಟೋಬರ್ 11ರಂದು ಭೂಮಿಪೂಜೆ ಆಯಿತು. ಗಿರಣಿ ಜಮೀನನ್ನು ಮೂರು ಪಾಲು ಮಾಡಿ, ಒಂದು ನಗರಕ್ಕೆ, ಒಂದು ಬಡವರ ಮನೆಗಳಿಗೆ, ಒಂದು ಮಾಲಿಕರಿಗೆ ಎಂದು 1991ರಲ್ಲಿ ನಿಯಮ ಬಂದಿತ್ತು. 2001ರಲ್ಲಿ ಅದನ್ನು ತಿದ್ದಿ ನಮ್ಮ ಪಾಲನ್ನು ಕುಗ್ಗಿಸಿದರು. 2006ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪಾಲಿನ ಮಾತು ಎಲ್ಲರ ಬಾಯಲ್ಲಿತ್ತು. ಮಣ್ಣಿನೊಳಗೆ ಏನಿದೆ ಎಂಬ ಮಾತು ಅಷ್ಟಾಗಿ ಕೇಳಿಬರಲಿಲ್ಲ.

ಗಿರಣಿಯಲ್ಲಿ ಕೂದಲು ಹಣ್ಣಾದ ಹಿರಿಯರು ಇಲ್ಲಿದ್ದಾರೆ. ಬಾಯ್ಲರಿಗೂ ಉಗಿಯ ಕೊಳವೆಗಳಿಗೂ ಸುತ್ತುತ್ತಿದ್ದ ಬಿಳಿಯ ಹೊದಿಕೆ ಅವರಿಗೆ ನೆನಪಿರಬಹುದು. ಹಳೆಯ ಕಾರ್ಖಾನೆಗಳಲ್ಲಿ ಆ ಹೊದಿಕೆ ಬಹುಮಟ್ಟಿಗೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಸುಮ್ಮನೆ ಇದ್ದಷ್ಟು ಕಾಲ ಅದು ಸುಮ್ಮನಿರುತ್ತದೆ. ಒಡೆದಾಗ ಕಣ್ಣಿಗೆ ಕಾಣದ ಎಳೆಗಳಾಗಿ ಗಾಳಿಗೆ ಏರಿ ಎದೆಗೂಡಿಗೆ ಇಳಿಯುತ್ತದೆ. ರೋಗ ತೋರುವುದು ಇಪ್ಪತ್ತು, ಮೂವತ್ತು, ನಾಲ್ವತ್ತು ವರ್ಷಗಳ ಮೇಲೆ. ಬಣ್ಣದ ಖಾತೆಯಲ್ಲಿ ಬಳಸುವ ರಾಸಾಯನಿಕಗಳು, ಟ್ರಾನ್ಸ್‌ಫಾರ್ಮರಿನ ಹಳೆಯ ಎಣ್ಣೆ, ಇವೂ ನೆಲಕ್ಕೆ ಇಳಿಯುವ ವಸ್ತುಗಳೇ.

ಹಳೆಯ ಕಾರ್ಖಾನೆಯನ್ನು ಒಡೆಯುವವರು ಯಾರು? ಬೆಳಿಗ್ಗೆ ನಾಕಾದ ಮೇಲೆ ಕೂಲಿಗಾಗಿ ನಿಲ್ಲುವವರು. ಅವರಲ್ಲಿ ಕಲಬುರ್ಗಿ, ಯಾದಗಿರಿ, ವಿಜಯಪುರದ ಕಡೆಯ ನಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಷ್ಟೋ ಮಂದಿ. ಮೂಗಿಗೆ ಒಂದು ಟವೆಲು ಸುತ್ತಿಕೊಂಡು ಸುತ್ತಿಗೆ ಹಿಡಿಯುತ್ತಾರೆ. ಆ ಎಳೆಗಳನ್ನು ಟವೆಲು ತಡೆಯುವುದಿಲ್ಲ. ಧೂಳು ಬಟ್ಟೆಯ ಜೊತೆಗೆ ಖೋಲಿಗೆ ಬರುತ್ತದೆ, ಬಟ್ಟೆ ಒಗೆಯುವ ಹೆಂಗಸಿನ ಮೂಗಿಗೂ ಹೋಗುತ್ತದೆ. ಕಲ್ನಾರಿನ ಕಾರ್ಖಾನೆಗಳು ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೆ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ ಹೇಳಿದೆ. ಆದರೆ ಒಂದು ವಾರ ಒಡೆದು ಇನ್ನೊಂದು ನಾಕಾಕ್ಕೆ ಹೋಗುವವನ ದಾಖಲೆಯನ್ನು ಯಾರು ಇಡುತ್ತಾರೆ?

ಮುಚ್ಚಿದ ಕಾರ್ಖಾನೆಯ ವಿಷವನ್ನು ಕಂಪನಿಯ ಕೈಯಿಂದಲೇ ಎತ್ತಿಸಿದ ಉದಾಹರಣೆಯೊಂದು ನಮ್ಮ ದೇಶದಲ್ಲಿದೆ. ಅದನ್ನು ನೀವು ತಿಳಿದಿರಬೇಕು. ತಮಿಳುನಾಡಿನ ಕೊಡೈಕನಾಲ್ ಬೆಟ್ಟದ ಮೇಲೆ ಜ್ವರ ನೋಡುವ ಥರ್ಮಾಮೀಟರ್ ಮಾಡುವ ಕಾರ್ಖಾನೆಯಿತ್ತು. ಅದರ ಯಂತ್ರಗಳು 1980ರ ದಶಕದ ಆರಂಭದಲ್ಲಿ ಅಮೆರಿಕೆಯ ನ್ಯೂಯಾರ್ಕ್ ರಾಜ್ಯದಿಂದ ಬಂದವು. ಮುಂದೆ ಆ ಕಾರ್ಖಾನೆ ಹಿಂದುಸ್ತಾನ್ ಲಿವರ್ ಕಂಪನಿಯ ಕೈಗೆ ಬಂತು. ಆ ಕಂಪನಿಯ ಮುಖ್ಯ ಕಛೇರಿ ನಮ್ಮ ಮುಂಬಯಿಯಲ್ಲೇ ಇದೆ.

ಥರ್ಮಾಮೀಟರಿನೊಳಗೆ ಇರುವುದು ಪಾದರಸ. ನೋಡಲು ಬೆಳ್ಳಿಯ ಹನಿ. ಬೆಂಕಿ ಬೇಕಿಲ್ಲ, ಕೋಣೆಯ ಬಿಸುಪಿಗೇ ಅದು ಆವಿಯಾಗುತ್ತದೆ. ಆ ಆವಿಗೆ ವಾಸನೆಯಿಲ್ಲ. ಉಸಿರಿನಲ್ಲಿ ಸೇರಿದರೆ ನರ ಮತ್ತು ಮೂತ್ರಪಿಂಡಗಳಿಗೆ ಕೇಡು, ಕೈ ನಡುಗುತ್ತದೆ. 2001ರ ಮಾರ್ಚಿಯಲ್ಲಿ ಊರಿನ ಜನರೂ ಪರಿಸರದ ಸಂಘದವರೂ ಸೇರಿ ಪೇಟೆಯ ಗುಜರಿ ಅಂಗಡಿಯೊಂದರಲ್ಲಿ ಪಾದರಸ ಮೆತ್ತಿದ ಒಡಕು ಗಾಜನ್ನು ಟನ್ನುಗಟ್ಟಲೆ ಹೊರಹಾಕಿ ತೋರಿಸಿದರು. ಕಾರ್ಖಾನೆ ಮುಚ್ಚಿತು. ಬೇರೆ ಕಡೆಯಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಜನ ಬಿಡಲಿಲ್ಲ. 2003ರಲ್ಲಿ ಸುಮಾರು 290 ಟನ್ ಪಾದರಸದ ಕಸ ಹಡಗು ಹತ್ತಿ ಅಮೆರಿಕೆಗೆ ಮರಳಿತು. ಬಂದ ದೇಶಕ್ಕೇ ವಿಷವನ್ನು ಹಿಂದೆ ಕಳಿಸಿದ್ದು ಸಣ್ಣ ಮಾತಲ್ಲ.

ಕಸ ಹೋಯಿತು, ಮಣ್ಣು ಉಳಿಯಿತು. ಒಂದು ಕಿಲೋ ಮಣ್ಣಿನಲ್ಲಿ 20 ಮಿಲಿಗ್ರಾಂ ಪಾದರಸದವರೆಗೆ ಇರಬಹುದೆಂದು ಅಳತೆ ನಿಗದಿಯಾಯಿತು. ಕಾರ್ಖಾನೆಯ ಕೆಳಗೆ ಪಾಂಬಾರ್ ಶೋಲಾ ಕಾಡಿದೆ, ನೀರು ಕೆಳಗಿನ ಬಯಲಿಗೆ ಹರಿಯುತ್ತದೆ, ಆದ್ದರಿಂದ ಇನ್ನೂ ಕಟ್ಟುನಿಟ್ಟಿನ ಅಳತೆ ಬೇಕೆಂದು ಜನ ವಾದಿಸಿದರು. ಇಲ್ಲಿ ಒಂದು ಪಾಠವಿದೆ. 'ಶುದ್ಧ ಮಾಡಿದ್ದೇವೆ' ಎಂದವರನ್ನು 'ಎಷ್ಟು?' ಎಂದು ಕೇಳಬೇಕು. ಅಳತೆಯಿಲ್ಲದ ಶುದ್ಧಿಗೆ ಅರ್ಥವಿಲ್ಲ.

ಮಣ್ಣಿಗಿಂತ ದೊಡ್ಡ ಮಾತು ಮನುಷ್ಯರದ್ದು. ಕಾರ್ಖಾನೆಯಲ್ಲಿ ದುಡಿದವರ ಆರೋಗ್ಯಕ್ಕೆ ಹಾನಿಯಾಗಿಲ್ಲವೆಂದು ಕಂಪನಿ ಹೇಳುತ್ತ ಬಂತು. ಮಾಜಿ ಕಾರ್ಮಿಕರು ಸಂಘ ಕಟ್ಟಿಕೊಂಡು 2006ರಲ್ಲಿ ಮದರಾಸು ಹೈಕೋರ್ಟಿಗೆ ಹೋದರು. ಹತ್ತು ವರ್ಷ ನಿಂತರು. 2016ರ ಮಾರ್ಚಿಯಲ್ಲಿ 591 ಮಾಜಿ ಕಾರ್ಮಿಕರಿಗೂ ಅವರ ಕುಟುಂಬಗಳಿಗೂ ಕಂಪನಿ ಹಣ ಕೊಡುವ ಒಪ್ಪಂದವಾಯಿತು. ಕಾರ್ಖಾನೆ ಮುಚ್ಚಿ 15 ವರ್ಷದ ಮೇಲೆ! ಕೆಲಸ ಹೋದ ಮೇಲೂ ಸಂಘ ಬಿಡದವರಿಗೆ ಮಾತ್ರ ಇದು ಸಾಧ್ಯ.

ಭೋಪಾಲದ ಕಥೆ ಇನ್ನೊಂದು ತೆರನಾದದ್ದು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ವಿಷಾನಿಲದಿಂದ ಸಾವಿರಾರು ಜನ ಸತ್ತರು. ಅಲ್ಲಿ ಕೂಡಿಟ್ಟಿದ್ದ 337 ಟನ್ ವಿಷದ ಕಸವನ್ನು 12 ಲಾರಿಗಳಲ್ಲಿ ಹೇರಿ ಸುಮಾರು 250 ಕಿಲೋಮೀಟರ್ ದೂರದ ಪೀಥಂಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ, ನಾಲ್ವತ್ತು ವರ್ಷ ಕಳೆದ ಮೇಲೆ. ಪೀಥಂಪುರದವರು 'ನಮ್ಮ ಊರಿಗೇಕೆ?' ಎಂದು ಬೀದಿಗಿಳಿದರು. ಅದು ನ್ಯಾಯವಾದ ಪ್ರಶ್ನೆ. ಅದೂ ಕಾರ್ಮಿಕರ ಊರೇ. ಜೂನ್ ಕೊನೆಯ ಹೊತ್ತಿಗೆ ಕಸವನ್ನು ಸುಟ್ಟು ಮುಗಿಸಿದರು. ಭೋಪಾಲದ ಕಾರ್ಖಾನೆಯ ನೆಲದೊಳಕ್ಕೂ ಅಂತರ್ಜಲಕ್ಕೂ ಇಳಿದ ವಿಷ ಮಾತ್ರ ಲಾರಿ ಹತ್ತಲಿಲ್ಲ.

ಇಂಥ ಜಾಗಗಳಿಗಾಗಿ ಕೇಂದ್ರ ಸರಕಾರ 2025ರ ಜುಲೈಯಲ್ಲಿ ಹೊಸ ನಿಯಮ ತಂದಿದೆ. ವಿಷ ಇಳಿದಿರಬಹುದಾದ ಜಾಗಗಳನ್ನು ಜಿಲ್ಲಾಡಳಿತ ಗುರುತಿಸಬೇಕು, ರಾಜ್ಯದ ಮಾಲಿನ್ಯ ಮಂಡಳಿ ಪರೀಕ್ಷಿಸಬೇಕು, ಕೆಡಿಸಿದವನೇ ಖರ್ಚು ಕೊಡಬೇಕು. ಆಗ ಗುರುತಿಸಿದ್ದ ಜಾಗಗಳು ದೇಶದಲ್ಲಿ 103. ಶುದ್ಧಿಯ ಕೆಲಸ ಹಿಡಿದದ್ದು ಏಳರಲ್ಲಿ ಮಾತ್ರ. ಗಣಿಯಿಂದ ಕೆಟ್ಟ ನೆಲವನ್ನು ಈ ನಿಯಮದಿಂದ ಹೊರಗಿಟ್ಟಿದ್ದಾರೆ. ನಮ್ಮ ಕೋಲಾರದಲ್ಲಿ 2001ರಲ್ಲಿ ಮುಚ್ಚಿದ ಚಿನ್ನದ ಗಣಿಯ ಸಯನೈಡ್ ದಿಬ್ಬಗಳನ್ನು ಕಂಡವರಿಗೆ ಇದು ನೋವಿನ ಸಂಗತಿ.

ಬಂಧುಗಳೆ, ನಿಯಮ ಕಾಗದದ ಮೇಲಿದೆ. ಅದನ್ನು ನೆಲಕ್ಕೆ ಇಳಿಸುವುದು ಸಂಘದ ಕೆಲಸ. ಯಾವುದೇ ಹಳೆಯ ಗಿರಣಿಯನ್ನಾಗಲಿ ಕಾರ್ಖಾನೆಯನ್ನಾಗಲಿ ಒಡೆಯುವಾಗ ನಾವು ನಾಲ್ಕು ಪ್ರಶ್ನೆ ಕೇಳೋಣ. ಒಡೆಯುವ ಮೊದಲು ಒಳಗೆ ಏನೇನಿದೆಯೆಂದು ಪಟ್ಟಿ ಮಾಡಿದ್ದೀರಾ? ಒಡೆಯುವವರಿಗೆ ತಕ್ಕ ಮುಖಕವಚ, ಬದಲಿ ಬಟ್ಟೆ, ಸ್ನಾನಕ್ಕೆ ನೀರು, ಹೆಸರು ಬರೆದ ಹಾಜರಿ ಪುಸ್ತಕ ಇವೆಯೆ? ತೆಗೆದ ಕಸ ಯಾವ ಊರಿಗೆ ಹೋಗುತ್ತದೆ? ಮನೆ ಕಟ್ಟುವ ಮೊದಲು ಮಣ್ಣಿನ ಪರೀಕ್ಷೆಯ ಕಾಗದ ತೋರಿಸುತ್ತೀರಾ? ಗಿರಣಿ ಜಮೀನಿನ ಮೇಲೆ ಎದ್ದ ಮ್ಹಾಡಾ ಮನೆಗಳು ಸೋಡತಿಯಲ್ಲಿ ನಮ್ಮವರಿಗೂ ಬಂದಿವೆ. ಆ ಅಂಗಳದಲ್ಲಿ ಆಡುವುದು ನಮ್ಮದೇ ಮಕ್ಕಳು.

ಗಿರಣಿಯ ಹಿರಿಯರಲ್ಲಿ ಒಂದು ಬಿನ್ನಹ. ಯಾವ ಖಾತೆಯಲ್ಲಿ ಏನು ಸುರಿಯುತ್ತಿದ್ದರು, ಯಾವ ಮೂಲೆಯಲ್ಲಿ ಏನು ಹೂಳಿದರು ಎಂಬುದನ್ನು ಯಾವ ನಕ್ಷೆಯೂ ಹೇಳದು, ನೀವು ಹೇಳಬಲ್ಲಿರಿ. ನಮ್ಮ ರಾತ್ರಿ ಶಾಲೆಯ ಹುಡುಗರು ಬರೆದುಕೊಳ್ಳುತ್ತಾರೆ. ಬರುವ ತಿಂಗಳಿನಿಂದಲೇ ಆರಂಭಿಸೋಣ, ನೀವು ಇರುವಾಗಲೇ ಬರೆದಿಡೋಣ. ಮಣ್ಣು ಶುದ್ಧವಾಗಲಿ, ಅದನ್ನು ಶುದ್ಧ ಮಾಡುವ ಕೈಗಳೂ ಉಳಿಯಲಿ.