ಮೊದಲ ಲೆಕ್ಕದ ಕೆಲಸಕ್ಕೆ ಊರಿನಲ್ಲೇ ತಯಾರಿ

ಅಕ್ಕಲಕೋಟ, ಜತ್ತ ಕಡೆಯ ನಮ್ಮ ಹಳ್ಳಿಗಳಿಂದ ಬಿ.ಕಾಂ. ಓದಲು ಹೋಗುವ ಮಕ್ಕಳಿಗೆ ಇಂಟರ್ನ್‌ಶಿಪ್ ಎಂಬ ಮಾತು ಈಗ ಹೊಸದಲ್ಲ. ಯಾವುದಾದರೂ ಆಫೀಸಿನಲ್ಲಿ ಒಂದೆರಡು ತಿಂಗಳು ಕೂತು ಲೆಕ್ಕದ ಕೆಲಸ ಕಲಿಯುವುದು, ಅಷ್ಟೇ. ಆದರೆ ಸೋಲಾಪುರದ ಆಫೀಸಿನ ಬಾಗಿಲಿಗೆ ಹೋದರೆ ಮೊದಲ ಪ್ರಶ್ನೆ, ‘ಅನುಭವ ಇದೆಯೇ?’ ಕೆಲಸವೇ ಸಿಗದೆ ಅನುಭವ ಎಲ್ಲಿಂದ ಬರಬೇಕು ಎಂದು ಮಕ್ಕಳು ಸಪ್ಪೆ ಮುಖ ಮಾಡಿಕೊಂಡು ವಾಪಸು ಬಸ್ಸು ಹತ್ತುತ್ತಾರೆ.

ನಾನು ಓದಿದ್ದು ಮೆಟ್ರಿಕ್ ಮಾತ್ರ. ಲೆಕ್ಕ ಕಲಿತದ್ದು ಬ್ಯಾಂಕಿನ ಕೌಂಟರಿನ ಹಿಂದೆ ಗುಮಾಸ್ತನಾಗಿ. ಆ ಧೈರ್ಯದ ಮೇಲೆ ಹೇಳುತ್ತೇನೆ: ಮೊದಲ ಅನುಭವ ಊರಿನಲ್ಲೇ ಇದೆ.

ಊರಿನ ಕಿರಾಣಿ ಅಂಗಡಿಯ ಕಾಕಾ ಅವರ ಒಪ್ಪಿಗೆ ಪಡೆದು ಒಂದು ತಿಂಗಳ ಲೆಕ್ಕ ಬರೆಯಿರಿ. ಸರಕು ತಂದದ್ದು, ಮಾರಿದ್ದು, ಉದ್ರಿ ಕೊಟ್ಟದ್ದು, ಉದ್ರಿ ವಸೂಲಾದದ್ದು, ಎಲ್ಲವೂ ದಿನದಿನದ ಕಿರ್ದಿಯಲ್ಲಿ ಬರಲಿ. ಮರಾಠಿಯಲ್ಲಿ ‘ನಾವೆ’, ‘ಜಮಾ’ ಎನ್ನುವುದೇ ನಿಮ್ಮ ಪುಸ್ತಕದ ಡೆಬಿಟ್, ಕ್ರೆಡಿಟ್.

ತಿಂಗಳ ಕೊನೆಗೆ ಪಾಸ್‌ಬುಕ್ಕಿನೊಡನೆ ತಾಳೆ ನೋಡಿ. ನಿಮ್ಮ ಪುಸ್ತಕದಲ್ಲಿ ಬ್ಯಾಂಕಿನ ಶಿಲ್ಕು 18,400 ರೂಪಾಯಿ, ಪಾಸ್‌ಬುಕ್ಕಿನಲ್ಲಿ 21,150 ಇದೆ ಎನ್ನಿ. ಗಾಬರಿ ಬೇಡ. ವ್ಯಾಪಾರಿಗೆ ಕೊಟ್ಟ 3,000ದ ಚೆಕ್ಕನ್ನು ಅವನು ಇನ್ನೂ ಬ್ಯಾಂಕಿಗೆ ಹಾಕಿಲ್ಲ. ಬ್ಯಾಂಕು ಹಿಡಿದ 250 ರೂಪಾಯಿ ಶುಲ್ಕವನ್ನು ನೀವು ಬರೆದಿಲ್ಲ. 18,400ಕ್ಕೆ 3,000 ಕೂಡಿಸಿ 250 ಕಳೆದರೆ 21,150 ಸರಿಹೋಯಿತು. ಈ ವ್ಯತ್ಯಾಸ ಹುಡುಕುವ ತಾಳ್ಮೆಯೇ ಲೆಕ್ಕದ ಕೆಲಸ.

ಬಿಲ್ಲುಗಳನ್ನೂ ಓದಿ. 2017ರ ಜುಲೈ 1ರಿಂದ ಜಿ.ಎಸ್.ಟಿ. ಬಂದಿದೆ. ನೋಂದಾಯಿತ ವ್ಯಾಪಾರಿಯ 15 ಅಕ್ಷರಾಂಕಿಗಳ ನಂಬರಿನಲ್ಲಿ ಮೊದಲೆರಡು ಅಂಕಿ ರಾಜ್ಯದವು: ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29. ಕಲಬುರಗಿಯ ವ್ಯಾಪಾರಿ ನಮ್ಮ ಅಂಗಡಿಗೆ ಕಳಿಸಿದ ಸಾಬೂನಿನ ಬಿಲ್ಲಿನಲ್ಲಿ ಐ.ಜಿ.ಎಸ್.ಟಿ. ಒಂದೇ ಇರುತ್ತದೆ; ಸೋಲಾಪುರದ ಬಿಲ್ಲಿನಲ್ಲಿ ಸಿ.ಜಿ.ಎಸ್.ಟಿ., ಎಸ್.ಜಿ.ಎಸ್.ಟಿ. ಎಂದು ಎರಡು ಪಾಲು. ಗಡಿಯ ಹುಡುಗನಿಗೆ ಇದು ಅಂಗಡಿಯ ಕಟ್ಟೆಯ ಮೇಲೆಯೇ ಕಲಿಯುವ ಪಾಠ.

ಈ ಲೆಕ್ಕದ ಒಂದು ಶುದ್ಧ ಪ್ರತಿ ಮಾಡಿಕೊಳ್ಳಿ. ಉದ್ರಿಯವರ ಹೆಸರು ಅದರಲ್ಲಿ ಬೇಡ. ಪರರ ಲೆಕ್ಕ ಬಾಯಿಬಿಡದವನನ್ನೇ ಆಫೀಸಿನವರು ನಂಬುವುದು. ತಿಂಗಳಿಗೊಮ್ಮೆ ಜಿ.ಎಸ್.ಟಿ. ಸಲ್ಲಿಸುವವರಿಗೆ ಮಾರಾಟದ ವಿವರಕ್ಕೆ 11, ರಿಟರ್ನಿಗೆ 20 ಕೊನೆಯ ತಾರೀಖು. ಆ ಗಡಿಬಿಡಿಯಲ್ಲಿ ಹೋಗಬೇಡಿ. 20 ಕಳೆದ ಮೇಲೆ ಹೋಗಿ. ‘ಅನುಭವ ಇಲ್ಲ ಸರ್’ ಎಂದು ನಿಲ್ಲಿಸದೆ, ‘ಒಂದು ಅಂಗಡಿಯ ಲೆಕ್ಕ ಬರೆದಿದ್ದೇನೆ, ನೋಡಿ’ ಎನ್ನಿ. ಕನ್ನಡ, ಮರಾಠಿ ಎರಡೂ ಬರುತ್ತವೆ ಎಂದೂ ಹೇಳಿ. ಎರಡೂ ಕಡೆಯ ಗಿರಾಕಿಗಳಿರುವ ಆಫೀಸಿಗೆ ಅದು ಉಪಯೋಗದ ಗುಣ. ಮೊದಲು ಬಿಲ್ಲು ಜೋಡಿಸುವ ಕೆಲಸ ಕೊಟ್ಟರೆ ಕೀಳೆಂದು ತಿಳಿಯಬೇಡಿ.

ಸಿ.ಎ. ಓದುವವರ ಆರ್ಟಿಕಲ್‌ಶಿಪ್ ಬೇರೆ. ಅದಕ್ಕೆ ಇಂಟರ್‌ಮೀಡಿಯೆಟ್‌ನ ಎರಡೂ ಗುಂಪು ಪಾಸಾಗಬೇಕು. 2023ರ ಹೊಸ ಪದ್ಧತಿಯಲ್ಲಿ ಅವಧಿ ಎರಡು ವರ್ಷ. ಇಂಟರ್ನ್‌ಶಿಪ್ಪಿಗೆ ಆ ಕಟ್ಟಳೆ ಇಲ್ಲ.

ತಂದೆ-ತಾಯಂದಿರಿಗೆ ಒಂದು ಮಾತು. ಇಂಟರ್ನ್‌ಶಿಪ್ ಕೊಡಿಸುತ್ತೇವೆ ಎಂದು ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ಕೆಲಸದ ವೇಳೆ, ಬಸ್ಸಿನ ಖರ್ಚು, ಕೊನೆಗೆ ಸಿಗುವ ಪ್ರಮಾಣಪತ್ರ, ಇವನ್ನು ಮೊದಲೇ ಕೇಳಿಕೊಳ್ಳಿ. ಮಗಳೂ ಹೋಗಲಿ, ಲೆಕ್ಕಕ್ಕೆ ಹೆಣ್ಣು ಗಂಡು ಎಂಬ ಭೇದವಿಲ್ಲ. ಇವತ್ತೇ ಒಂದು ನೋಟ್‌ಬುಕ್ ತೆಗೆದುಕೊಡಿ. ಕಿರ್ದಿಯ ಮೊದಲ ಸಾಲು ಇಂದೇ ಬೀಳಲಿ.