ತೊಣ್ಣೂರಿನ ಕೆರೆಯೂ ಕಲ್ಲಿನ ಗುಡಿಗಳೂ



ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯೆಂದೊಡನೆ ಕೇಳಿದವರ ಕಣ್ಣಿಗೆ ಮೊದಲು ಕಟ್ಟುವುದು ಕಬ್ಬು ಬತ್ತಗಳ ಹಸುರು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆಯೂ, ಅಲ್ಲಿಂದ ಹೊರಟು ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ನಾಲೆಯೂ ಈ ಹಸುರಿಗೆ ಕಾರಣವೆಂಬುದನ್ನು ಎಲ್ಲರೂ ಬಲ್ಲರು. ಆದರೆ ನಾಲೆ ಬರುವುದಕ್ಕೆ ಎಂಟು ನೂರು ವರ್ಷ ಮೊದಲೇ ಈ ನಾಡಿನಲ್ಲಿ ತುಂಬಿದ ಊರುಗಳಿದ್ದುವು. ಆ ಊರುಗಳಲ್ಲಿ ಕಲ್ಲಿನ ಗುಡಿಗಳೆದ್ದುವು. ಗುಡಿಗಳಲ್ಲಿ ನಿತ್ಯವೂ ನಂದಾದೀಪ ಉರಿಯಿತು. ಆ ದೀಪಕ್ಕೆ ಎಣ್ಣೆ ಎಲ್ಲಿಂದ ಬಂದಿತು? ಈ ಪ್ರಶ್ನೆಗೆ ಉತ್ತರವನ್ನು ಅರಸುವವನು ಒಂದು ಹಗಲನ್ನು ತೊಣ್ಣೂರಿನಲ್ಲಿ ಕಳೆಯುವುದು ಲೇಸು.

ಮದ್ದೂರು ಮಳವಳ್ಳಿಗಳ ಕಡೆಯ ಯಾತ್ರಿಕನು ಮಂಡ್ಯಕ್ಕೆ ಬಂದು, ಮೈಸೂರಿನ ದಾರಿ ಹಿಡಿದು ಪಾಂಡವಪುರವನ್ನು ಸೇರತಕ್ಕುದು. ಹಿಂದೆ ಹಿರೋಡೆಯೆಂಬ ಹೆಸರಿದ್ದ ಆ ಊರನ್ನು, ಅಲ್ಲಿ ಫ್ರೆಂಚರ ದಂಡು ಬೀಡುಬಿಟ್ಟಿದ್ದ ಕಾರಣದಿಂದ, ಆಂಗ್ಲರು ಫ್ರೆಂಚ್ ರಾಕ್ಸ್ ಎಂದು ಕರೆದರು. ಅಲ್ಲಿಂದ ವಾಯವ್ಯಕ್ಕೆ ಕೆಲವು ಮೈಲಿ ನಡೆದರೆ ಬೋಳು ಬಂಡೆಗಳ ಗುಡ್ಡಗಳು ಎದುರಾಗುವುವು. ಅವುಗಳ ಮಡಿಲಿನಲ್ಲಿರುವುದೇ ತೊಣ್ಣೂರು. ಶಾಸನಗಳಲ್ಲಿ ತೊಂಡನೂರು, ಯಾದವನಾರಾಯಣ ಚತುರ್ವೇದಿಮಂಗಲ ಎಂದು ಹೆಸರು ಪಡೆದ ಪುರ. ದೋರಸಮುದ್ರವು ದೆಹಲಿಯ ದಂಡಿನಿಂದ ಹಾಳಾದ ಮೇಲೆ ಹೊಯ್ಸಳರ ಅರಸುತನವು ಕೆಲಕಾಲ ಇಲ್ಲಿ ಆಶ್ರಯ ಪಡೆಯಿತೆಂದು ಇತಿಹಾಸಕಾರರು ಹೇಳುವರು.

ಬಂದವರಲ್ಲಿ ಬಹುಮಂದಿ ನೇರವಾಗಿ ಗುಡಿಗಳಿಗೆ ಹೋಗುವರು. ಅದಕ್ಕೆ ಮುನ್ನ ಕೆರೆಯ ಏರಿಯನ್ನು ಹತ್ತುವುದು ಉಚಿತ. ಎರಡು ಕಲ್ಲುಗುಡ್ಡಗಳ ನಡುವಣ ಕಂಡಿಯಲ್ಲಿ ಹಿಂದೆ ಹಳ್ಳದ ನೀರು ಹರಿದು ಹೋಗುತ್ತಿತ್ತು. ಆ ಕಂಡಿಯೊಂದನ್ನೇ ಮುಚ್ಚಿ, ಗುಡ್ಡಗಳನ್ನೇ ಮಿಕ್ಕ ದಡಗಳನ್ನಾಗಿ ಮಾಡಿಕೊಂಡುದು ಕಟ್ಟಿದವರ ಜಾಣ್ಮೆ. ಬಯಲುಸೀಮೆಯ ಕೆರೆಗಳಿಗೆ ಹರಿದಾರಿಯುದ್ದದ ಏರಿ ಬೇಕಾಗುವುದುಂಟು. ಇಲ್ಲಿ ಏರಿ ಮೋಟು, ನೀರು ಆಳ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಇದನ್ನು ಕಂಡು, ಹೆಚ್ಚಿನ ನೀರು ಹೊರಡುವುದಕ್ಕೆ ಗುಡ್ಡವನ್ನೇ ಕಡಿದು ಕಾಲುವೆ ಮಾಡಿರುವುದನ್ನೂ, ಕೆರೆ ತುಂಬಿದರೆ ಎರಡು ವರ್ಷದ ಬೇಸಾಯಕ್ಕೆ ಸಾಲುವುದೆಂಬುದನ್ನೂ ಬರೆದಿಟ್ಟನು. ಈ ಏರಿಯನ್ನು ಕಟ್ಟಿಸಿದವರು ಶ್ರೀ ರಾಮಾನುಜಾಚಾರ್ಯರೆಂಬುದು ಸ್ಥಳದ ಸಂಪ್ರದಾಯ. ತಿರುಮಲಸಾಗರವೆಂಬುದು ಅದಕ್ಕೆ ಸಂದ ಹೆಸರು. 1746ರಲ್ಲಿ ಹೈದರಾಬಾದಿನ ನಾಸಿರ್ ಜಂಗನು ಇಲ್ಲಿಗೆ ಬಂದಾಗ ನೀರಿನ ತಿಳಿಯನ್ನು ಮೆಚ್ಚಿ ಮೋತಿ ತಾಲಾಬ್, ಎಂದರೆ ಮುತ್ತಿನ ಕೆರೆ, ಎಂದು ಕರೆದನು. ಆ ಹೆಸರೂ ಇಂದಿಗೆ ಉಳಿದಿದೆ.

ಏರಿಯಿಂದಿಳಿದು ಊರೊಳಗೆ ನಡೆದರೆ ಲಕ್ಷ್ಮೀನಾರಾಯಣನ ಗುಡಿ. ನಂಬಿನಾರಾಯಣನೆಂದೂ ಈ ದೇವರನ್ನು ಕರೆವರು. ಹೊಯ್ಸಳರ ಕಾಲದ ಗುಡಿಯೆಂದರೆ ಬೇಲೂರು ಹಳೇಬೀಡುಗಳ ಕುಸುರಿಗೆಲಸವನ್ನು ನಿರೀಕ್ಷಿಸಿ ಬಂದವನು ಇಲ್ಲಿ ಕ್ಷಣಕಾಲ ಬೆರಗಾಗುವನು. ಗೋಡೆಗಳು ಬಹುಮಟ್ಟಿಗೆ ಸಾದಾ. ತಮಿಳುನಾಡಿನ ಗುಡಿಗಳ ಗಂಭೀರವಾದ ರೀತಿ ಅವುಗಳಲ್ಲಿ ತೋರುವುದು. ಕಾವೇರಿಯ ಈ ಸೀಮೆಯನ್ನು ಮೊದಲು ಚೋಳರು ಆಳಿದ್ದರು. ಹೊಯ್ಸಳ ವಿಷ್ಣುವರ್ಧನನು 12ನೆಯ ಶತಮಾನದ ಮೊದಲಲ್ಲಿ ಅವರನ್ನು ಹೊರದೂಡಿದನು. ದೊರೆ ಬದಲಾದನು, ಕಲ್ಲುಕುಟಿಗನ ಕೈವಾಡ ಅಷ್ಟು ಬೇಗ ಬದಲಾಗಲಿಲ್ಲ. ಸಮೀಪದಲ್ಲಿಯೇ ಗೋಪಾಲಕೃಷ್ಣನ ಗುಡಿಯೂ, ಎತ್ತರದಲ್ಲಿ ಯೋಗನರಸಿಂಹನ ಗುಡಿಯೂ ಇವೆ. ಆ ಎತ್ತರದ ಗುಡಿಯಲ್ಲಿ ಏಳು ಹೆಡೆಯ ನಾಗನೊಡನೆ ಕುಳಿತ ರಾಮಾನುಜರ ಮೂರ್ತಿಯುಂಟು. ಕೈಲಾಸೇಶ್ವರನೆಂಬ ಶಿವನ ಗುಡಿಯೂ ಈ ಊರಿಗೆ ಸೇರಿದುದು; 14ನೆಯ ಶತಮಾನದ ಮುಸಲ್ಮಾನ ಫಕೀರರೊಬ್ಬರ ಗೋರಿಯೂ ಇಲ್ಲಿಯೇ ಇರುವುದು.

ವಿಷ್ಣುವರ್ಧನನು ಆಚಾರ್ಯರ ಪ್ರಭಾವದಿಂದ ಮತವನ್ನು ಬದಲಿಸಿದುದು ಈ ಊರಿನಲ್ಲೆಂದು ಸಂಪ್ರದಾಯ ಹೇಳುವುದು. ಆದರೂ ಆತನ ರಾಣಿ ಶಾಂತಲೆ ಕಡೆಯವರೆಗೆ ಜಿನಭಕ್ತೆಯಾಗಿಯೇ ಇದ್ದಳು; 1133ರಲ್ಲಿ ಹಳೇಬೀಡಿನ ಪಾರ್ಶ್ವನಾಥ ಬಸದಿಗೆ ಅರಸನೇ ದತ್ತಿಯಿತ್ತನು. ಅರಮನೆಯಲ್ಲಿದ್ದ ಈ ಸಹನೆಯನ್ನು ತೊಣ್ಣೂರಿನ ಕೆರೆಯ ನೆರೆಯಲ್ಲಿಯೂ ಕಾಣಬಹುದು. ದೇವರ ಹೆಸರು ಗುಡಿಯಿಂದ ಗುಡಿಗೆ ಬೇರೆ. ಎಲ್ಲರ ಗದ್ದೆಗೂ ಹರಿದ ನೀರು ಒಂದೇ.

ಗುಡಿಗೂ ಕೆರೆಗೂ ಇರುವ ನಂಟನ್ನು ಬಿಡಿಸಿ ಹೇಳುವ ಕಲ್ಲೊಂದು ಇದೇ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆಯಿತು. ಅದರ ಕಾಲ ಶಕ 872, ಕ್ರಿಸ್ತಶಕ 949–50. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನು ತನ್ನ ಭಟನಾದ ಮಣಲೇರನಿಗೆ ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದನು. ಮಣಲೇರನು ಬೇಡಿದುದು ಕಾಳಿಯೆಂಬ ನಾಯಿಯನ್ನು. ಆ ನಾಯಿ ಮುಂದೊಮ್ಮೆ ದೊಡ್ಡ ಹಂದಿಯೊಡನೆ ಹೋರಿ, ಎರಡೂ ಜೊತೆಯಾಗಿ ಸತ್ತುವು. ಅದರ ನೆನಪಿಗಾಗಿ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನೆಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪ ತಗಲುವುದೆಂದು ಕಟ್ಟಳೆ ಮಾಡಿದರು. ಒಂದು ನಾಯಿಯ ನೆನಪೂ ನಿಲ್ಲುವುದಕ್ಕೆ ಕೆರೆಯ ಕೆಳಗಣ ನೆಲ ಬೇಕಾಯಿತು! ಕಲ್ಲು ಇಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಬಂಡಿಗೇರಿಸಿ ಒಯ್ಯಲಾಯಿತು. ಕೆರೆಯನ್ನು ಹಾಗೆ ಒಯ್ಯುವುದಕ್ಕಾಗದು, ಇದ್ದಲ್ಲಿಯೇ ಕಾಯಬೇಕು.

ನಂದಾದೀಪದ ಎಣ್ಣೆಯ ಮೂಲವೂ ಇದೇ. ಅಚ್ಚುಕಟ್ಟಿನ ಬೆಳೆಯೇ ನೈವೇದ್ಯದ ಅಕ್ಕಿ. ಅದೇ ಅರ್ಚಕನ, ಓಲಗದವನ, ಕಲ್ಲುಕುಟಿಗನ ಅನ್ನ. ಹಿಂದಿನವರು ಇದನ್ನರಿತು ಕೆರೆಯ ರಕ್ಷಣೆಗೂ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾನ್ಯಗಳನ್ನು ಏರ್ಪಡಿಸಿದರು. ತೂಬು ತೆರೆದು ನೀರು ಹಂಚುವುದಕ್ಕೆ ನೀರಗಂಟಿಯನ್ನು ನೇಮಿಸಿದರು. ತೊಣ್ಣೂರಿನ ಏರಿ ಮನುಷ್ಯರ ಕೈಯಿಂದಲೇ ಒಡೆದುದೂ ಉಂಟು. ಟಿಪ್ಪುವಿನ ಆಳಿಕೆಯ ಕೊನೆಗಾಲದಲ್ಲಿ, ಶತ್ರುವಿನ ದಂಡಿಗೆ ಉಪಯೋಗವಾಗಬಾರದೆಂದು ಅದನ್ನು ಕಡಿಸಲಾಯಿತು. ಯುದ್ಧದ ಲೆಕ್ಕದಲ್ಲಿ ಅದು ಒಂದು ಉಪಾಯ. ಕೆಳಗಣ ಒಕ್ಕಲಿನ ಲೆಕ್ಕದಲ್ಲಿ ಒಣಗಿದ ಬಯಲು. ತಲೆಮಾರುಗಳ ದುಡಿಮೆಯನ್ನು ಅಳಿಸುವುದಕ್ಕೆ ಗುದ್ದಲಿಗೆ ಹೆಚ್ಚು ದಿನ ಬೇಡ. ಬಳಿಕ ಅದನ್ನು ಮತ್ತೆ ಕಟ್ಟಿದುದರಿಂದಲೇ ಇಂದಿನ ಯಾತ್ರಿಕನಿಗೆ ಈ ನೀರಿನ ದರ್ಶನ.

ಏರಿಗೆ ಗುದ್ದಲಿಯೊಂದೇ ಹಗೆಯಲ್ಲ. ಹೂಳು ಸದ್ದಿಲ್ಲದೆ ತುಂಬುವುದು. ಗಿಡದ ಬೇರು ಏರಿಯನ್ನು ಸಡಿಲಿಸುವುದು. ಬರುವ ಹಳ್ಳವನ್ನು ಒತ್ತಿದರೆ ಮಳೆ ಬಂದರೂ ಕೆರೆ ತುಂಬದು. ಗುಡಿಯ ಕಲ್ಲು ಬಿರಿದರೆ ಭಕ್ತರು ಕಂಡು ಮರುಗುವರು. ತೂಬಿನ ಕಲ್ಲು ಜರುಗಿದುದನ್ನು ನೀರಗಂಟಿಯ ಹೊರತು ಕಾಣುವವರು ವಿರಳ. ಆದುದರಿಂದ ಗೋಪುರಕ್ಕೆ ಸುಣ್ಣ ಬಳಿಸಲು ಹಣ ಕೂಡಿಸುವ ಊರು ಅದರೊಳಗೊಂದು ಪಾಲನ್ನು ತನ್ನ ಕೆರೆಯ ಹೂಳಿಗೆಂದು ತೆಗೆದಿಡಲಿ. ತೊಣ್ಣೂರಿಗೆ ಹೋದವರು ಸಂಜೆ ಹಿಂದಿರುಗುವ ಮುನ್ನ ಮತ್ತೊಮ್ಮೆ ಏರಿಯ ಮೇಲೆ ನಿಲ್ಲಲಿ. ಕೆಳಗಣ ಗದ್ದೆಗಳನ್ನು ನೋಡಲಿ. ತಮ್ಮ ಊರಿಗೆ ಬಂದ ಮರುದಿನ ತಮ್ಮ ಕೆರೆಯ ತೂಬು ಹೇಗಿದೆಯೆಂದು ವಿಚಾರಿಸಲಿ.