ಅರ್ಧ ತುಂಬಿದ ಅರ್ಜಿ, ಪೂರ್ತಿ ಸಾಲ

(ತಾಲ್ಲೂಕು ರೈತರ ಸಭೆಯಲ್ಲಿ ಮಾಡಿದ ಭಾಷಣದ ಬರಹ)



ಬೆಳಿಗ್ಗೆಯಿಂದ ಬೆಲೆಯ ಮಾತಾಯಿತು, ಬ್ಯಾಂಕಿನ ನೋಟೀಸಿನ ಮಾತಾಯಿತು. ನನಗಿಂತ ಮುಂಚೆ ಮಾತಾಡಿದವರು ಹೇಳಿದ್ದೆಲ್ಲ ಸರಿಯಾಗೇ ಇದೆ. ನಾನು ಒಂದೇ ಒಂದು ವಿಚಾರ ಎತ್ತುತ್ತೇನೆ. ಕೇಳೋಕೆ ಚಿಕ್ಕದು, ಲೆಕ್ಕ ಹಾಕಿದರೆ ಚಿಕ್ಕದಲ್ಲ. ಅದು ನಮ್ಮ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ.

ಗೊಬ್ಬರದ ಸಾಲ ಎಷ್ಟು, ಬೋರ್‌ವೆಲ್ ಸಾಲ ಎಷ್ಟು ಅಂತ ನಮಗೆ ಬಾಯಲ್ಲೇ ಇರುತ್ತೆ. ಮಕ್ಕಳ ಓದಿಗೆ ಅಂತ ತಂದ ಸಾಲ ಎಷ್ಟು ಅಂತ ಯಾರಾದರೂ ಬೇರೆ ತೆಗೆದು ನೋಡಿದ್ದೀರಾ? ಜೂನ್ ಬಂತೆಂದರೆ ಒಂದು ಕಡೆ ಬಿತ್ತನೆ, ಇನ್ನೊಂದು ಕಡೆ ಫೀಸು, ಪುಸ್ತಕ, ಬಸ್ ಪಾಸು. ಆಗ ಸೊಸೈಟಿ ಸಾಲ ಸಿಗೋದಿಲ್ಲ. ಕೈಸಾಲವೇ ಗತಿ. ಅದೇ ಹೊತ್ತಿಗೆ ಅದೇ ಮಗುವಿಗೆ ಬರಬೇಕಾದ ಹಣ, ಅರ್ಜಿ ಪೂರ್ತಿಯಾಗದೆ ಸರ್ಕಾರದ ಖಜಾನೆಯಲ್ಲೇ ಉಳಿದಿರುತ್ತೆ.

ಬೇರೆಯವರ ಮನೆ ಕತೆ ಬೇಡ, ನನ್ನದೇ ಹೇಳ್ತೀನಿ. 2021ರಲ್ಲಿ ರಾಜ್ಯ ಸರ್ಕಾರ ರೈತರ ಮಕ್ಕಳಿಗೆ ಅಂತಲೇ ರೈತ ವಿದ್ಯಾನಿಧಿ ಯೋಜನೆ ತಂದಿತು. ಪಿಯುಸಿ, ಐಟಿಐ ಓದುವ ಹುಡುಗರಿಗೆ ವರ್ಷಕ್ಕೆ 2,500 ರೂಪಾಯಿ, ಹುಡುಗಿಯರಿಗೆ 3,000. ಬಿಎ, ಬಿಕಾಂ ತರಹದ ಪದವಿಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500. ಎಂಜಿನಿಯರಿಂಗ್, ಮೆಡಿಕಲ್ ಆದರೆ 10,000 ಮತ್ತು 11,000. ನನ್ನ ಮಗಳು ಆಗ ಬಿಕಾಂ ಓದ್ತಾ ಇದ್ದಳು. ಸುದ್ದಿ ನಾನೇ ಪೇಪರಿನಲ್ಲಿ ಓದಿದೆ, ಹಳ್ಳಿಯಲ್ಲಿ ನಾಲ್ಕು ಜನಕ್ಕೆ ಹೇಳಿದೆ. ಆದರೆ ನನ್ನ ಮಗಳಿಗೆ ಒಂದು ಪೈಸೆ ಬರಲಿಲ್ಲ.

ಯಾಕೆ? ರೈತ ಯಾರು ಅಂತ ಸರ್ಕಾರ ಗುರುತಿಸೋದು ಫ್ರೂಟ್ಸ್ ನಂಬರಿನಿಂದ. ಆ ನಂಬರಿಗೆ ಆಧಾರ ಪಹಣಿ. ನಮ್ಮ ಪಹಣಿ ನಮ್ಮಪ್ಪನ ಹೆಸರಿನಲ್ಲಿತ್ತು. ಅಪ್ಪ ತೀರಿಕೊಂಡು ಎಂಟು ವರ್ಷವಾಗಿತ್ತು. ಅಣ್ಣತಮ್ಮಂದಿರು ಕೂತು ಒಂದು ಮಾತಿಗೆ ಬರಲಿಲ್ಲ, ಪೌತಿ ಖಾತೆ ಆಗಲಿಲ್ಲ. ಮೂವತ್ತು ವರ್ಷ ನೇಗಿಲು ಹಿಡಿದವನು ನಾನು, ಕಂಪ್ಯೂಟರಿನ ಪ್ರಕಾರ ರೈತ ಸತ್ತುಹೋದ ನಮ್ಮಪ್ಪ. ಕಚೇರಿಗೆ ಮೂರು ಸಲ ಹೋದೆ, ಮೂರು ಸಲವೂ ಬೇರೆ ಬೇರೆ ಕಾಗದ ಕೇಳಿದರು. ನಾಲ್ಕನೇ ಸಲ ಹೋಗಲಿಲ್ಲ, ಕಳೆ ಕೀಳುವ ಕಾಲ. ತಪ್ಪು ಕಚೇರಿಯದೂ ಹೌದು, ನನ್ನದೂ ಹೌದು.

ಮಗಳ ಫೀಸಿಗೆ ಹತ್ತು ಸಾವಿರ ಕೈಸಾಲ ತಂದೆ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 300. ಆ ಸಾಲ ತೀರಿಸೋಕೆ ಹದಿನೆಂಟು ತಿಂಗಳಾಯಿತು. ಬಡ್ಡಿ ಎಷ್ಟಾಯಿತು? 5,400. ಬರಬೇಕಾಗಿದ್ದ ವೇತನ 5,500. ಸರ್ಕಾರದಿಂದ ಬಿಟ್ಟ ದುಡ್ಡನ್ನು ಹೆಚ್ಚುಕಮ್ಮಿ ಹಾಗೇ ಎಣಿಸಿ ಬಡ್ಡಿಯವನ ಕೈಗೆ ಕೊಟ್ಟೆ. ಆವತ್ತು ನನ್ನ ಹೆಂಡತಿ, "ಊರಿಗೆಲ್ಲ ಸಾಲದ ಭಾಷಣ ಮಾಡ್ತೀರಿ, ಮನೆ ಅರ್ಜಿ ತುಂಬೋಕಾಗಲಿಲ್ಲ" ಅಂದಳು. ಉತ್ತರ ಕೊಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಇನ್ನೊಂದು ಲೆಕ್ಕ ಕೇಳಿ. ಎಂಟನೇ ತರಗತಿ ಮಕ್ಕಳಿಗೆ ಎನ್‌ಎಂಎಂಎಸ್ ಅನ್ನುವ ಪರೀಕ್ಷೆ ಇದೆ. 2008ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ಮೀರಬಾರದು. ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000, ನಾಲ್ಕು ವರ್ಷಕ್ಕೆ 48,000. ಆದರೆ ಪರೀಕ್ಷೆ ಪಾಸಾದ ಕೂಡಲೇ ದುಡ್ಡು ಬರೋದಿಲ್ಲ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಅದನ್ನು ಶಾಲೆಯವರು ಒಮ್ಮೆ, ಜಿಲ್ಲೆಯವರು ಒಮ್ಮೆ ಪರಿಶೀಲಿಸಬೇಕು. ಮುಂದಿನ ವರ್ಷ ಮತ್ತೆ ನವೀಕರಣ. ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜು ಬದಲಾದಾಗ ಮತ್ತೆ ಹೊಸ ಕಾಗದ. ಕಷ್ಟಪಟ್ಟು ಓದಿ ಗೆದ್ದ ಮಗು, ಅಪ್ಪ ಕಾಗದ ಹೊಂದಿಸಲಿಲ್ಲ ಅಂತ ಸೋಲಬಾರದು.

ಇದು ನಮ್ಮ ಹಳ್ಳಿಗಾಡಿನ ರೋಗ ಅಂದುಕೊಂಡಿದ್ದೆ. ಮಗಳು ಓದಿ ಹೇಳಿದ ಮೇಲೆ ಗೊತ್ತಾಯಿತು, ಅಮೆರಿಕದಂಥ ದೊಡ್ಡ ದೇಶದಲ್ಲೂ ಇದೇ ಹಾಡು. ಅಲ್ಲಿ ಕಾಲೇಜಿಗೆ ಹೋಗುವ ಮಕ್ಕಳು ಕೇಂದ್ರದ ನೆರವಿಗೆ ಫಾಫ್ಸಾ ಅನ್ನುವ ಅರ್ಜಿ ತುಂಬಬೇಕು. ಹಿಂದೆ ಅದರಲ್ಲಿ ನೂರಕ್ಕೂ ಮೇಲೆ ಪ್ರಶ್ನೆಗಳಿದ್ದವು. ಬಡವರ ಮಕ್ಕಳು ಅದಕ್ಕೆ ಹೆದರಿ ನೆರವನ್ನೇ ಬಿಡುತ್ತಿದ್ದರು.

2008ರಲ್ಲಿ ಅಲ್ಲಿ ಒಂದು ಪ್ರಯೋಗ ಮಾಡಿದರು. ಓಹಾಯೋ ಮತ್ತು ನಾರ್ತ್ ಕ್ಯಾರೊಲಿನಾ ರಾಜ್ಯಗಳಲ್ಲಿ ತೆರಿಗೆ ಲೆಕ್ಕ ಬರೆಸೋಕೆ ಒಂದು ಕಂಪನಿಯ ಕಚೇರಿಗೆ ಬಂದ ಕಡಿಮೆ ಆದಾಯದ ಮನೆಯವರನ್ನು ಚೀಟಿ ಎತ್ತಿದ ಹಾಗೆ ವಿಂಗಡಿಸಿದರು. ಕೆಲವರಿಗೆ "ನಿಮಗೆ ಇಷ್ಟು ನೆರವು ಸಿಗಬಹುದು, ಅರ್ಜಿ ಹಾಕಿ" ಅಂತ ಮಾಹಿತಿ ಮಾತ್ರ ಕೊಟ್ಟರು. ಇನ್ನು ಕೆಲವರಿಗೆ ಗುಮಾಸ್ತರೇ ಪಕ್ಕದಲ್ಲಿ ಕೂತು, ಕೈಯಲ್ಲಿದ್ದ ತೆರಿಗೆ ಲೆಕ್ಕದಿಂದಲೇ ಅರ್ಜಿ ತುಂಬಿಸಿಕೊಟ್ಟರು. ಫಲಿತಾಂಶ 2012ರಲ್ಲಿ ಅಚ್ಚಾಯಿತು. ಅರ್ಜಿ ತುಂಬಿಸಿಕೊಟ್ಟ ಮನೆಗಳಲ್ಲಿ, ಹೈಸ್ಕೂಲು ಮುಗಿಸುತ್ತಿದ್ದ ಮಕ್ಕಳ ಪೈಕಿ ಎರಡು ವರ್ಷ ಕಾಲೇಜು ಪೂರೈಸಿದವರು ನೂರಕ್ಕೆ 28ರಿಂದ 36ಕ್ಕೆ ಏರಿದರು. ಮಾಹಿತಿ ಮಾತ್ರ ಪಡೆದ ಮನೆಗಳಲ್ಲಿ ಏನೂ ವ್ಯತ್ಯಾಸವಾಗಲಿಲ್ಲ.

ಬಂಧುಗಳೇ, ಈ ಮಾತನ್ನು ಗಂಟು ಹಾಕಿಕೊಳ್ಳಿ. ಬರೀ ಹೇಳಿದರೆ ಆಗೋದಿಲ್ಲ. ಕರಪತ್ರ ಹಂಚಿದರೆ ಆಗೋದಿಲ್ಲ. ನಾನು ಪೇಪರ್ ಓದಿ ಊರಿಗೆ ಸಾರಿದ್ದರಿಂದ ನನ್ನ ಮಗಳಿಗೇ ಆಗಲಿಲ್ಲ. ಪಕ್ಕದಲ್ಲಿ ಕೂತು ಅರ್ಜಿ ಮುಗಿಸಿಕೊಟ್ಟರೆ ಆಗುತ್ತೆ.

ಅಲ್ಲಿ ಇನ್ನೂ ಒಂದು ಒಳ್ಳೆ ಕೆಲಸ ಮಾಡಿದರು. ಯಾವ ಹೈಸ್ಕೂಲಿನಿಂದ ಎಷ್ಟು ಅರ್ಜಿ ಪೂರ್ತಿಯಾಗಿವೆ ಅನ್ನುವ ಲೆಕ್ಕವನ್ನು 2012ರಿಂದ ಅವರ ಕೇಂದ್ರ ಶಿಕ್ಷಣ ಇಲಾಖೆ ಬಹಿರಂಗ ಮಾಡಿತು. ಯಾವ ಶಾಲೆ ಹಿಂದೆ ಬಿದ್ದಿದೆ ಅಂತ ಎಲ್ಲರಿಗೂ ಕಾಣುತ್ತೆ. ಲೂಸಿಯಾನಾ ರಾಜ್ಯ 2017-18ರಿಂದ ಅರ್ಜಿ ಹಾಕದಿದ್ದರೆ ಹೈಸ್ಕೂಲು ಪಾಸು ಸರ್ಟಿಫಿಕೇಟೇ ಇಲ್ಲ ಅಂತ ಕಡ್ಡಾಯ ಮಾಡಿತು, ಬೇಡ ಅಂದವರು ಬರೆದುಕೊಟ್ಟು ಬಿಡಿಸಿಕೊಳ್ಳಬಹುದಿತ್ತು. ಅರ್ಜಿಗಳು ಏರಿದವು, ಆದರೆ 2024ರಲ್ಲಿ ಆ ಕಡ್ಡಾಯವನ್ನು ತೆಗೆಯಲು ತೀರ್ಮಾನಿಸಿದರು. ನಮಗೆ ಕಡ್ಡಾಯ ಬೇಡ. ಬೇಕಾದ್ದು ಪಕ್ಕದಲ್ಲಿ ಕೂರುವ ಒಬ್ಬ ಮನುಷ್ಯ, ಗೋಡೆಯ ಮೇಲೆ ಒಂದು ಲೆಕ್ಕ.

ಹಾಗಾದರೆ ನಮ್ಮ ಊರುಗಳಲ್ಲಿ ಏನು ಮಾಡೋಣ?

ಮೊದಲನೆಯದು, ಪಟ್ಟಿ. ಎಂಟನೇ ತರಗತಿಯಿಂದ ಪದವಿವರೆಗೆ ನಮ್ಮೂರ ಮಕ್ಕಳು ಎಷ್ಟು, ಯಾರು ಯಾವ ವೇತನಕ್ಕೆ ಅರ್ಹರು, ಅರ್ಜಿ ಎಲ್ಲಿ ನಿಂತಿದೆ. ಜಾತಿ, ಪಕ್ಷ ನೋಡದೆ ಬರೆಯಿರಿ. ಕೂಲಿಯವರ ಮಕ್ಕಳನ್ನು ಬಿಟ್ಟು ಪಟ್ಟಿ ಮಾಡಿದರೆ ಅದು ಊರಿನ ಪಟ್ಟಿಯಲ್ಲ.

ಎರಡನೆಯದು, ಬೇಸಿಗೆ ರಜೆಯಲ್ಲೇ ಕಾಗದ ಹೊಂದಿಸಿ. ನಾಡಕಚೇರಿಯ ಜಾತಿ-ಆದಾಯ ಪತ್ರದ ಆರ್‌ಡಿ ನಂಬರು ಇದೆಯೇ, ಅವಧಿ ಮುಗಿದಿದೆಯೇ ನೋಡಿ. ಆಧಾರಿನಲ್ಲಿರುವ ಹೆಸರು, ಶಾಲೆ ದಾಖಲೆಯ ಹೆಸರು ಒಂದೇ ಇದೆಯೇ ನೋಡಿ. ಒಂದರಲ್ಲಿ ಮಂಜುನಾಥ, ಇನ್ನೊಂದರಲ್ಲಿ ಮಂಜುನಾಥಗೌಡ ಇದ್ದರೆ ಅರ್ಜಿ ಅಲ್ಲೇ ಕೂರುತ್ತೆ. ಮಗುವಿನ ಬ್ಯಾಂಕ್ ಖಾತೆ ಚಾಲ್ತಿಯಲ್ಲಿರಬೇಕು, ಹಣ ಬರೋದಕ್ಕೆ ಅಂತ ಆಧಾರ್ ಜೋಡಣೆ ಆಗಿರಬೇಕು. ಪಾಸ್‌ಬುಕ್ಕಿನಲ್ಲಿ ಆಧಾರ್ ನಂಬರು ಬರೆದಿದ್ದರೆ ಸಾಲದು, ಜೋಡಣೆ ಆಗಿದೆಯೇ ಅಂತ ಬ್ಯಾಂಕಿನಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ.

ಮೂರನೆಯದು, ಪೌತಿ ಖಾತೆ. ಸತ್ತವರ ಹೆಸರಿನ ಪಹಣಿ ಇಟ್ಟುಕೊಂಡು ಕೂರಬೇಡಿ. ಮರಣ ಪತ್ರ, ವಂಶವೃಕ್ಷ ಮಾಡಿಸಿ, ಅಣ್ಣತಮ್ಮಂದಿರು ಒಂದು ದಿನ ಕೂತು ಮುಗಿಸಿ. ಬೆಳೆ ಪರಿಹಾರಕ್ಕೂ ಅದು ಬೇಕು, ಸಾಲಕ್ಕೂ ಬೇಕು. ಜಗಳ ನಮ್ಮದು, ನಷ್ಟ ಮಕ್ಕಳಿಗೆ.

ನಾಲ್ಕನೆಯದು, ಅರ್ಜಿ ಶುರುವಾದ ಮೇಲೆ ಒಂದು ಭಾನುವಾರ ಎಲ್ಲರೂ ಶಾಲೆ ಜಗುಲಿಯಲ್ಲಿ ಸೇರೋಣ. ನಮ್ಮೂರಲ್ಲೇ ಪಿಯುಸಿ, ಡಿಗ್ರಿ ಓದಿದ ಹುಡುಗ ಹುಡುಗಿಯರಿದ್ದಾರೆ, ಕೈಯಲ್ಲಿ ಫೋನ್ ಇದೆ. ಒಂದೊಂದು ಮನೆಯವರನ್ನು ಕೂರಿಸಿ ತುಂಬಿಸಲಿ. ಸರ್ವರ್ ಸಿಗದಿದ್ದರೆ ಮರುದಿನ ಬೆಳಗಿನ ಜಾವ ಮತ್ತೆ. ಒಟಿಪಿ ಬರುವ ಫೋನು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗಿರಬಾರದು, ಅಪ್ಪನೂ ಅಲ್ಲೇ ಕೂರಬೇಕು. ಅರ್ಜಿ ಹೋಯಿತು ಅಂತ ಬಿಡಬೇಡಿ. ಶಾಲೆಯಲ್ಲಿ ಪರಿಶೀಲನೆ ಆಯಿತೇ, ವಾಪಸ್ ಬಂತೇ, ದುಡ್ಡು ಬಿತ್ತೇ, ಅಲ್ಲಿವರೆಗೂ ಬೆನ್ನು ಹತ್ತಿ.

ಐದನೆಯದು ಇಲಾಖೆಗೆ. ನಾವು ಬಿಇಓ ಕಚೇರಿಗೆ ಮನವಿ ಕೊಡೋಣ. ಪ್ರತಿ ಹೈಸ್ಕೂಲು ತನ್ನ ಬೋರ್ಡಿನ ಮೇಲೆ ವಾರಕ್ಕೊಮ್ಮೆ ಬರೆಯಲಿ: ಅರ್ಹ ಮಕ್ಕಳು ಇಷ್ಟು, ಅರ್ಜಿ ಇಷ್ಟು, ಪರಿಶೀಲನೆಗೆ ಬಾಕಿ ಇಷ್ಟು. ಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು. ಮೇಷ್ಟ್ರುಗಳನ್ನು ಬೈಯೋದಕ್ಕಲ್ಲ ಇದು. ಪಾಠದ ಜೊತೆಗೆ ಬಿಸಿಯೂಟ, ಜನಗಣತಿ, ಚುನಾವಣೆ ಎಲ್ಲ ಅವರ ತಲೆ ಮೇಲಿದೆ. ಅವರ ಜೊತೆ ನಾವು ಕೂತರೆ ಕೆಲಸ ಬೇಗ ಆಗುತ್ತೆ.

ಕೆಲವರು ನನ್ನನ್ನು ಕೇಳಿದರು, "ಬೆಲೆಗೆ ಹೋರಾಡುವವರು ಎರಡು ಮೂರು ಸಾವಿರಕ್ಕೆ ಅರ್ಜಿ ಹಿಡಿದು ನಿಲ್ಲೋದೇ?" ಅಂತ. ಬೆಳೆಗೆ ಸರಿಯಾದ ಬೆಲೆ ಸಿಕ್ಕ ದಿನ ನಮ್ಮ ಮಕ್ಕಳ ಫೀಸು ನಾವೇ ಕಟ್ಟುತ್ತೇವೆ. ಆ ಹೋರಾಟ ನಿಲ್ಲಿಸಿ ಅಂತ ನಾನು ಹೇಳಿಲ್ಲ. ಆದರೆ ಡೀಸೆಲ್ಲಿಗೆ, ಸೋಪಿಗೆ, ಚಪ್ಪಲಿಗೆ ನಾವೂ ತೆರಿಗೆ ಕಟ್ಟಿದ್ದೇವೆ. ಇದು ಭಿಕ್ಷೆಯಲ್ಲ. ಕಾನೂನಿನ ಪ್ರಕಾರ ಬರಬೇಕಾದ್ದನ್ನು ಬಿಟ್ಟು, ಅದೇ ದುಡ್ಡಿಗೆ ಬಡ್ಡಿಯವನ ಬಾಗಿಲು ತಟ್ಟೋದರಲ್ಲಿ ಯಾವ ಮರ್ಯಾದೆಯೂ ಇಲ್ಲ.

ಮುಂದಿನ ತಿಂಗಳ ಸಭೆಗೆ ಬರುವಾಗ ಪ್ರತಿ ಊರಿನವರೂ ತಮ್ಮ ಪಟ್ಟಿ ತನ್ನಿ. ನಮ್ಮೂರ ಪಟ್ಟಿಯನ್ನು ನನ್ನ ಮಗಳು ಶುರು ಮಾಡಿದ್ದಾಳೆ. ಪೌತಿ ಖಾತೆ? ಹೋದ ವರ್ಷ ಆಯಿತು. ಅಣ್ಣನೂ ನಾನೂ ಈಗ ಮಾತಾಡ್ತೀವಿ.